ನಿಧಾನಿಯ ಕತ್ತಿ

ಮಾರ್ಚ್ 4, ಬುಧವಾರ

ಇವರು ಹೋಗಿ ಇವತ್ತಿಗೆ ಎಂಟು ದಿನ. ನೆಂಟರೆಲ್ಲ ಹೊರಟರು. ಕೊನೆಗೆ ಉಳಿದಿದ್ದ ನಾದಿನಿಯೂ ಮಧ್ಯಾಹ್ನದ ಬಸ್ಸಿಗೆ ಹೋದಳು. ಹೋಗುವಾಗ ಈ ನೋಟ್‌ಬುಕ್ಕನ್ನು ಕೈಗಿಟ್ಟು, "ಅತ್ತಿಗೆ, ನೀವು ಅಳ್ತಾನೇ ಇಲ್ಲ. ಬರೀರಿ, ಬರೆದ್ರೆ ಮನಸ್ಸು ಹಗುರ ಆಗುತ್ತಂತೆ" ಅಂದಳು. ಯಾರಿಗೆ ಹಗುರವಾಗಿದೆಯೋ ಕಾಣೆ. ಹಾಳೆ ಮಾತ್ರ ಚೆನ್ನಾಗಿದೆ, ಶಾಯಿ ಹಿಂದಕ್ಕೆ ಇಳಿಯುವುದಿಲ್ಲ.

ಮನೆಯಲ್ಲೀಗ ನಾನು ಮತ್ತು ಅತ್ತೆ. ಇಬ್ಬರೂ ಒಬ್ಬರಿಗೊಬ್ಬರು ದಾರಿ ಬಿಟ್ಟುಕೊಂಡು ಓಡಾಡುತ್ತೇವೆ.

ಸಂಜೆ ಇವರ ಕಂಪ್ಯೂಟರಿನ ಧೂಳು ಒರೆಸಲು ಹೋದೆ. ಮೌಸ್ ಅಲುಗಿ ಪರದೆ ಬೆಳಗಿತು. ಅಷ್ಟು ದಿನ ಅದನ್ನು ಯಾರೂ ಆರಿಸಿರಲಿಲ್ಲ. ಇವರ ಆಟ ತೆರೆದೇ ಇತ್ತು. ನಡುವೆ ಒಂದು ಸೂಚನೆ: "ನಿನ್ನ ಕತ್ತಿ ಒರೆಯಿಂದ ಹೊರಬರದೆ ಒಂಬತ್ತು ದಿನವಾಯಿತು. ನಾಳೆ ಸಂಜೆ ಏಳರೊಳಗೆ ತೆಗೆಯದಿದ್ದರೆ ಅದು ಬೇರೆ ಕೈ ಹುಡುಕಿಕೊಂಡು ಹೊರಡುತ್ತದೆ."

ಆ ಕತ್ತಿಯ ಪುರಾಣ ನನಗೆ ಬಾಯಿಪಾಠ. ಕೋಟೆ ಬಾಗಿಲು ಕಾಯುತ್ತಿದ್ದ ಒಬ್ಬ ಸೈನಿಕ, ತನ್ನ ಸರದಿ ಮುಗಿದರೂ ಬದಲಿಗೆ ಯಾರೂ ಬಾರದೆ ನಿಂತಲ್ಲೇ ಸತ್ತನಂತೆ. ಅವನ ದೆವ್ವ ಕತ್ತಿಯೊಳಗೆ ಸೇರಿಕೊಂಡಿದೆ. ಆಗಾಗ ಪಿಸುಗುಟ್ಟುತ್ತದೆ. ಹತ್ತಕ್ಕೊಂದು ಸಲ ಹಿಡಿದವರ ಕೈಯನ್ನೇ ಎಳೆದು ತನಗೆ ಬೇಕಾದ ಕಡೆ ಬೀಸುತ್ತದೆ. ಉಳಿದವರು ಬಿಲ್ಲು, ಈಟಿ ಅಂತ ದೂರದಿಂದ ಹೊಡೆಯುತ್ತಾರೆ. ಇದರಲ್ಲಿ ಮಾತ್ರ ಎದುರಾಳಿಯ ಉಸಿರು ತಾಕುವಷ್ಟು ಹತ್ತಿರ ಹೋಗಬೇಕು. ಸಾವಿರಾರು ಜನ ಆಡುವ ಆ ಆಟದಲ್ಲಿ ಇಂಥದು ಇರುವುದು ಒಂದೇ. ಇವರು ಒಂದೂವರೆ ವರ್ಷ ಅದರ ಬೆನ್ನು ಬಿದ್ದು ಗೆದ್ದಿದ್ದರು. ಅದರಲ್ಲಿ ಕಾಲು ಭಾಗ ಬಚ್ಚಲ ನಲ್ಲಿಯ ಬೆನ್ನು ಬಿದ್ದಿದ್ದರೆ ಅದಿನ್ನೂ ಸೋರುತ್ತಿರಲಿಲ್ಲ.

ಪರದೆ ತಾನಾಗಿ ಆರುವವರೆಗೆ ನೋಡುತ್ತಾ ನಿಂತಿದ್ದೆ.

ಮಾರ್ಚ್ 5, ಗುರುವಾರ

ಹಲ್ಲಿನ ಸೆಟ್ಟು ಮಾಡುವ ಲ್ಯಾಬಿನ ಕೆಲಸ ಮುಗಿಸಿ ಬಂದವಳು ಚಪ್ಪಲಿ ಬಿಟ್ಟು ನೇರ ಇವರ ಕುರ್ಚಿಯಲ್ಲಿ ಕೂತೆ. ಕತ್ತಿ ಹೊರಗೆ ತೆಗೆಯುವುದು ಯಾವ ಗುಂಡಿ ಅಂತ ಗೊತ್ತಿರಲಿಲ್ಲ. ಒಂದೊಂದಾಗಿ ಒತ್ತಿದೆ. ಪರದೆಯ ಮೇಲಿನ ಇವರು ಕುಣಿದರು, ಕುಕ್ಕರಗಾಲಲ್ಲಿ ಕೂತರು, ಗೋಡೆಗೆ ನಮಸ್ಕಾರ ಹಾಕಿದರು. ಆಮೇಲೆ ಝಣ್ ಅಂತ ಕತ್ತಿ ಬಂತು. ಇವರು ಕಿವಿಗೆ ಏನೂ ಸಿಕ್ಕಿಸಿಕೊಳ್ಳುತ್ತಿರಲಿಲ್ಲ, ಸ್ಪೀಕರಿನಲ್ಲೇ ಕೇಳುತ್ತಿದ್ದರು. ಹಾಗಾಗಿ ಮನೆಯಿಡೀ ಝಣ್ ಅಂದಿತು.

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಅತ್ತೆ ಬಾಗಿಲಿಗೆ ಬಂದರು. ಅತ್ತೆಗೆ ಮಾತು ಸರಿಯಾಗಿ ಕೇಳಿಸದು, ಸದ್ದು ಕೇಳಿಸುತ್ತದೆ. ಕುರ್ಚಿಯಲ್ಲಿದ್ದ ನನ್ನನ್ನು ನೋಡಿ, "ಓ, ನೀನಾ" ಅಂದು ವಾಪಸ್ ಹೋದರು.

ಅಷ್ಟರಲ್ಲಿ ಸ್ಪೀಕರಿನಲ್ಲಿ ಒಬ್ಬಳ ದನಿ, ಬಾಯಿತುಂಬ ಏನೋ ತಿನ್ನುತ್ತಿದ್ದಂತೆ: "ಅಣ್ಣಾ! ಎಲ್ಲಿ ಮಾಯ ಆಗಿದ್ರಿ? ಬದುಕಿದೀರಾ?"

ಇವರ ತಂಡದ ಬಿಸ್ಕತ್ತು. ಸದಾ ಮೈಕಿನ ಮುಂದೆ ಬಿಸ್ಕತ್ತು ಕಡಿಯುತ್ತಾಳೆಂದು ಅವಳಿಗೆ ಆ ಹೆಸರು. ಇನ್ನೊಬ್ಬರು ಮೇಷ್ಟ್ರು, ನಿಜವಾಗಿಯೂ ಎಲ್ಲೋ ಗಣಿತ ಹೇಳಿಕೊಡುತ್ತಾರೆ. ಮೂವರೂ ಮುಖ ನೋಡಿಕೊಂಡವರಲ್ಲ. ಇಲ್ಲಿ ಇವರ ಹೆಸರು ನಿಧಾನಿ. ಏನು ಮಾಡಿದರೂ ನಿಧಾನ ಅಂತ.

ಕೆಳಗೆ ಬರೆಯಲು ಒಂದು ಚೌಕ ಇತ್ತು. "ಹೂಂ" ಅಂತ ಬರೆದೆ.

ಮಾರ್ಚ್ 6, ಶುಕ್ರವಾರ

ಮೈಕ್ ಕೆಟ್ಟಿದೆ, ಮೈ ಹುಷಾರಿರಲಿಲ್ಲ ಅಂತ ಬರೆದೆ. ನಂಬಿದರು. ಕಾಳಗಕ್ಕೆ ಕರೆದುಕೊಂಡು ಹೋದರು. ನಾನು ಗೋಡೆಗೆ ಗುದ್ದಿಕೊಂಡೆ, ಬಾವಿಗೆ ಬಿದ್ದೆ, ಮೇಲೆ ಬಂದು ಮೇಷ್ಟ್ರ ಬೆನ್ನಿಗೇ ಹೊಡೆದೆ.

"ನಿಧಾನಿ, ನಿನ್ನ ಕತ್ತಿಗೆ ಹುಚ್ಚು ಜಾಸ್ತಿ ಆಗಿದೆ ಕಣಯ್ಯ" ಅಂದರು ಮೇಷ್ಟ್ರು. "ಅಷ್ಟು ದಿನ ಒರೇಲಿ ಕೂಡಿ ಹಾಕಿದ್ರೆ ದೆವ್ವಕ್ಕೆ ಸಿಟ್ಟು ಬರಲ್ವಾ?"

"ಪಾಪ ಅಣ್ಣನ ಕೈ ಹೆಂಗ್ ಎಳೀತಿದೆ ನೋಡಿ" ಅಂದಳು ಬಿಸ್ಕತ್ತು.

ನನ್ನ ದಡ್ಡತನವೆಲ್ಲ ದೆವ್ವದ ತಲೆಗೆ ಹೋಯಿತು. ನನಗೆ ಅನುಕೂಲವೇ ಆಯಿತು.

ಮಾರ್ಚ್ 9, ಸೋಮವಾರ

ಲ್ಯಾಬ್. ಮೇಣ. ಊಟ. ಕತ್ತಿ.

ಮಾರ್ಚ್ 17, ಮಂಗಳವಾರ

ದಿನಾ ಆರರಿಂದ ಏಳು. ಹತ್ತು ದಿನಕ್ಕೊಮ್ಮೆ ತೆಗೆದರೆ ಸಾಕಿತ್ತು, ಆದರೂ ದಿನಾ ಕೂರುತ್ತೇನೆ. ಅತ್ತೆ ಕೇಳುವ ಮುಂಚೆ ನಾನೇ, "ಕಂಪ್ಯೂಟರ್ ಕೆಡಬಾರದು ಅಂತ ಹಾಕ್ತೀನಿ" ಅಂದೆ.

"ಹಾಕು, ಹಾಕು" ಅಂದರು ಅತ್ತೆ. "ಅವನಿದ್ದಾಗ ಆ ಸದ್ದಿಗೆ ದಿನಾ ಬೈತಿದ್ದೆ. ಈಗ ಅದಿಲ್ಲದಿದ್ರೆ ಊಟ ಸೇರಲ್ಲ ಕಣೇ."

ಇವರ ಹಾಗೆ ಬರೆಯುವುದು ಕಲಿತಿದ್ದೇನೆ. ಹಳೆಯ ಮಾತುಕತೆಯೆಲ್ಲ ಆಟದಲ್ಲೇ ಉಳಿದಿದೆ. "ಆಯ್ತು ಬಿಡಿ", "ಮೆಲ್ಲಗೆ ಮೆಲ್ಲಗೆ", "ಗಾಬರಿ ಬೇಡ". ಈ ಮೂರರಲ್ಲೇ ಇವರ ಸಂಸಾರವೂ ನಡೆದಿತ್ತು, ಕಾಳಗವೂ ನಡೆದಿತ್ತು.

ಇವತ್ತು ಏಳು ಹೊಡೆಯುತ್ತಲೇ ಬಿಸ್ಕತ್ತು ಅಂದಳು, "ಅಣ್ಣಾ, ಏಳಾಯ್ತು, ಇನ್ನೂ ಇದೀರಲ್ಲ? ಅತ್ತಿಗೆ ಕಾಯ್ತಾ ಇರ್ತಾರೆ ಹೊರಡಿ."

ನಾನು ಒಂದು ದಿನವೂ ಇವರನ್ನು ಕಾಯ್ದವಳಲ್ಲ. ಏಳಕ್ಕೆ ಇವರು ತಾವಾಗಿ ಎದ್ದು ಅಡುಗೆಮನೆಗೆ ಬರುತ್ತಿದ್ದರು. ಬಂದು ಏನೂ ಮಾಡುತ್ತಿರಲಿಲ್ಲ, ಫ್ರಿಜ್ಜಿಗೆ ಒರಗಿ ನಿಲ್ಲುತ್ತಿದ್ದರು. ನನಗೆ ಫ್ರಿಜ್ಜು ತೆಗೆಯಬೇಕಾದಾಗಲೆಲ್ಲ, "ಸ್ವಲ್ಪ ಆ ಕಡೆ ಸರೀರಿ" ಅನ್ನುತ್ತಿದ್ದೆ. ಅದಕ್ಕಾಗಿ ಕಾಳಗದ ನಡುವೆ ಎದ್ದು ಬರುತ್ತಿದ್ದರೆಂದು ನನಗೆ ಗೊತ್ತಿರಲಿಲ್ಲ.

"ಆಯ್ತು ಬಿಡಿ" ಅಂತ ಬರೆದು ಎದ್ದೆ. ಅಡುಗೆಮನೆಯಲ್ಲಿ ಮಾಡುವಂಥ ಕೆಲಸ ಏನೂ ಇರಲಿಲ್ಲ.

ಮಾರ್ಚ್ 28, ಶನಿವಾರ

ಲ್ಯಾಬಿನ ಯಜಮಾನರು ಒಳಗೆ ಕರೆದರು. ಮೇಜಿನ ಮೇಲೆ ಮೂರು ಸೆಟ್ಟು ಹಲ್ಲು ಸಾಲಾಗಿ ಇಟ್ಟಿದ್ದರು. ಮೂರೂ ನಾನು ಈ ವಾರ ಮೇಣದಲ್ಲಿ ಜೋಡಿಸಿದವು.

ಕಟ್ಟಿಸಿದ ಹಲ್ಲು ತೀರ ಸಾಲಾಗಿದ್ದರೆ ಕಟ್ಟಿಸಿದ್ದೆಂದು ದೂರದಿಂದಲೇ ತಿಳಿದುಬಿಡುತ್ತದೆ. ಅದಕ್ಕೆ ಒಂದು ಹಲ್ಲನ್ನು ಬೇಕಂತಲೇ ಚೂರು ಸೊಟ್ಟ ಕೂರಿಸುತ್ತೇವೆ. ಯಾರಿಗೆ ಯಾವುದು ಅನ್ನುವುದು ನಮ್ಮ ಕೈಗುಣ. ಒಬ್ಬರಿಗೆ ಕೂರಿಸಿದ್ದು ಇನ್ನೊಬ್ಬರಿಗೆ ಬರಬಾರದು.

"ಮೂರರಲ್ಲೂ ಒಂದೇ ಹಲ್ಲು ತಿರುಗಿಸಿದೀರಮ್ಮ" ಅಂದರು. "ಮೇಲಿನ ಸಾಲು, ಎಡಗಡೆ, ಕೋರೆಹಲ್ಲಿನ ಪಕ್ಕದ್ದು. ಒಂದೇ ಕಡೆಗೆ, ಒಂದೇ ಅಳತೆ. ಇದರಲ್ಲಿ ಒಂದು ಎಪ್ಪತ್ತು ವರ್ಷದ ಹೆಂಗಸಿಗೆ ಹೋಗೋದು."

ನೋಡಿದೆ. ಇವರು ನಗುವಾಗ ಕಾಣುತ್ತಿದ್ದ ಹಲ್ಲು. ಮೂರು ಜನ ಅಪರಿಚಿತರ ಬಾಯಿಗೆ ಹೋಗುವುದರಲ್ಲಿತ್ತು. ನಾನು ಕೂರಿಸಿದ್ದೇ ನನಗೆ ನೆನಪಿಲ್ಲ.

"ಬೇಕಾದ್ರೆ ಇನ್ನೊಂದು ವಾರ ರಜ ತಗೊಳ್ಳಿ" ಅಂದರು. ಬೇಡ ಅಂದೆ. ಮೇಣ ಬಿಸಿ ಮಾಡಿ ಮೂರನ್ನೂ ಬಿಚ್ಚಿ ಬೇರೆ ಜೋಡಿಸಿದೆ. ಮಧ್ಯಾಹ್ನದವರೆಗೆ ಹಿಡಿಯಿತು.

ಏಪ್ರಿಲ್ 6, ಸೋಮವಾರ

ಸೇತುವೆಯ ಮೇಲೆ ಆರು ಜನ ಬಿಸ್ಕತ್ತನ್ನು ಸುತ್ತುಗಟ್ಟಿದ್ದರು. ಮೇಷ್ಟ್ರ ಬಾಣ ಮುಗಿದಿತ್ತು. ನಾನು ನುಗ್ಗಿದೆ. ಆರೂ ಜನರನ್ನು ಬೀಳಿಸಿದೆ. ಬಿದ್ದ ಮೇಲೂ ಹೊಡೆಯುತ್ತಿದ್ದೆನಂತೆ.

"ಸಾಕು ಅಣ್ಣಾ, ಹೋದ್ರು ಎಲ್ಲಾ" ಅಂದಳು ಬಿಸ್ಕತ್ತು.

"ಕತ್ತಿ ಎಳೀತಿದೆಯೋ ನೀನೇ ಹೊಡೀತಿದೀಯೋ?" ಅಂದರು ಮೇಷ್ಟ್ರು. "ಮೊದಲೆಲ್ಲ ಹಿಂದೆ ನಿಂತು ಎದುರಾಳಿ ಬರಲಿ ಅಂತ ಕಾಯ್ತಿದ್ದೆ. ಈಗ ಬೆಂಕಿ ಬಿದ್ದವನ ಹಾಗೆ ಓಡ್ತೀಯ. ಮನೇಲಿ ಎಲ್ಲ ಸರಿ ಇದೆ ತಾನೇ?"

"ಗಾಬರಿ ಬೇಡ" ಅಂತ ಬರೆದೆ.

ಬೆರಳು ಊದಿಕೊಂಡಿವೆ. ರಾತ್ರಿ ಊಟಕ್ಕೆ ಎರಡನೇ ಸಲ ಅನ್ನ ಬಡಿಸಿಕೊಂಡೆನೆಂದು ಅತ್ತೆ ಖುಷಿಪಟ್ಟರು. ನಾನು ಗಮನಿಸಿರಲಿಲ್ಲ. ಯಾರ ಮೇಲೆ ಅಷ್ಟು ಸಿಟ್ಟು ಬಂದಿತ್ತೆಂದು ನನಗೇ ಗೊತ್ತಿಲ್ಲ.

ಏಪ್ರಿಲ್ 13, ಸೋಮವಾರ

ಮೇಷ್ಟ್ರಿಗೆ ನಮ್ಮ ಊರಿನಲ್ಲಿ ಒಂದು ದಿನದ ತರಬೇತಿಯಂತೆ. ಇಪ್ಪತ್ತೆರಡನೇ ತಾರೀಕು, ಬುಧವಾರ. "ನಿಧಾನಿ, ಆರು ವರ್ಷದಿಂದ ಒಟ್ಟಿಗೆ ಹೊಡೆದಾಡ್ತಿದೀವಿ, ಇನ್ನೂ ನಿನ್ನ ಮುಖ ನೋಡಿಲ್ಲ. ಸಂಜೆ ಮನೆಗೆ ಬರ್ಲಾ?"

ಇವರ ಹಾಗೆ ಬರೆದು ಬರೆದು ಕೈ ಪಳಗಿಬಿಟ್ಟಿದೆ. ಇವರಾಗಿದ್ದರೆ ಏನು ಅನ್ನುತ್ತಿದ್ದರೋ ಅದೇ ಬಂತು. "ಧಾರಾಳವಾಗಿ ಬನ್ನಿ." ವಿಳಾಸವನ್ನೂ ಬರೆದೆ. ಬರೆದಾದ ಮೇಲೆ ಓದಿದೆ.

ಇಡೀ ಜಗತ್ತಿನಲ್ಲಿ ಇವರು ಬದುಕಿರುವುದು ಇನ್ನು ಇಬ್ಬರ ಪಾಲಿಗೆ ಮಾತ್ರ. ಹೇಳಿದರೆ ಅಲ್ಲಿಯೂ ಹೋಗಿಬಿಡುತ್ತಾರೆ. ಹೇಳದಿದ್ದರೆ ಬುಧವಾರ ಬಾಗಿಲು ತೆಗೆದು ಏನಂತ ನಿಲ್ಲಲಿ?

ಏಪ್ರಿಲ್ 15, ಬುಧವಾರ

ಹೇಳಬೇಕು.

ಏಪ್ರಿಲ್ 16, ಗುರುವಾರ

ಹೇಳಲಿಲ್ಲ. ಬಿಸ್ಕತ್ತಿನ ಅಮ್ಮನಿಗೆ ನಾಳೆ ಕಣ್ಣಿನ ಆಪರೇಷನ್ ಅಂತೆ. ಅಂಥ ಹೊತ್ತಿನಲ್ಲಿ ಬೇಡ ಅನ್ನಿಸಿತು. ನೆಪ ಸಿಕ್ಕಿದ್ದಕ್ಕೆ ಸಮಾಧಾನವಾಯಿತು, ಅಷ್ಟು ನಾಚಿಕೆಗೆಟ್ಟಿದ್ದೇನೆ.

ಏಪ್ರಿಲ್ 19, ಭಾನುವಾರ

ಹೇಳಿದೆ.

ಸಂಜೆ ಆರಕ್ಕೆ ಮೂವರೂ ಕೋಟೆ ಬಾಗಿಲ ಮುಂದೆ ಸೇರಿದೆವು. ಕತ್ತಿ ತೆಗೆದೆ. ಬರೆದು ತಿಳಿಸೋಣವೆಂದುಕೊಂಡಿದ್ದೆ, ಆದರೆ "ನಾನು ಸತ್ತಿದ್ದೇನೆ" ಅಂತ ಅವರ ಹೆಸರಿನಲ್ಲಿ ಬರೆಯುವುದು ಹೇಗೆ? ಮೈಕಿನ ಗುಂಡಿ ಒತ್ತಿದೆ. "ನಾನು ಮಾತಾಡ್ತಿರೋದು ಕೇಳಿಸ್ತಿದೆಯಾ?" ಅಂದೆ.

ಬಿಸ್ಕತ್ತು ಕಿಟಾರನೆ ಕಿರುಚಿದಳು. "ಮೇಷ್ಟ್ರೇ! ಕತ್ತಿ ಹೆಂಗಸಿನ ಥರ ಮಾತಾಡ್ತಿದೆ!"

"ಹೊಸದಾಗಿ ಹಾಕಿರ್ಬೇಕು. ಶ್, ಸುಮ್ನಿರು, ಏನನ್ನುತ್ತೆ ಕೇಳೋಣ."

"ನಾನು ಕತ್ತಿ ಅಲ್ಲ" ಅಂದೆ.

ಇಬ್ಬರೂ ಬಿದ್ದು ಬಿದ್ದು ನಕ್ಕರು. "ಅಯ್ಯೋ, ಎಷ್ಟು ಚೆನ್ನಾಗಿ ಮಾಡಿದಾರೆ! ಅಣ್ಣಾ, ಇನ್ನೊಂದ್ಸಲ ಮಾತಾಡ್ಸಿ."

"ನಾನು ನಿಧಾನಿಯ ಹೆಂಡತಿ. ಅವರು ತೀರಿಕೊಂಡ್ರು. ಫೆಬ್ರವರಿ ಇಪ್ಪತ್ತನಾಲ್ಕಕ್ಕೆ."

"ಮೈ ಜುಂ ಅಂತು ಕಣಮ್ಮ" ಅಂದರು ಮೇಷ್ಟ್ರು, ಬಿಸ್ಕತ್ತಿಗೆ.

ಐವತ್ತನಾಲ್ಕು ದಿನದಿಂದ ಯಾರಿಗೂ ಹೇಳದೆ ಇದ್ದದ್ದನ್ನು ಬಾಯಿಬಿಟ್ಟು ಹೇಳಿದ್ದೆ. ಫೋನು ಮಾಡಿ ತಿಳಿಸುವುದನ್ನೆಲ್ಲ ಆಗ ನಾದಿನಿಯೇ ಮಾಡಿದ್ದಳು. ಮೊದಲ ಸಲ ಹೇಳಿದರೆ ದೆವ್ವದ ತಮಾಷೆ ಆಗಿಹೋಯಿತು. ಏನು ಮಾಡುವುದೆಂದು ತೋಚದೆ, "ಬಿಸ್ಕತ್ತು, ಅಮ್ಮನ ಕಣ್ಣಿನ ಪಟ್ಟಿ ಬಿಚ್ಚಿದ್ರಾ? ಕಾಣಿಸ್ತಿದೆಯಂತಾ?" ಅಂದೆ.

ಅವಳ ನಗು ನಿಂತಿತು. ಕತ್ತಿಗೆ ಅವಳಮ್ಮನ ಕಣ್ಣಿನ ವಿಷಯ ಗೊತ್ತಿರಲು ಸಾಧ್ಯವಿಲ್ಲ. ಆಮೇಲೆ ಮೇಷ್ಟ್ರು, "ಏನಾಯ್ತಮ್ಮ?" ಅಂದರು. ಬಹುವಚನಕ್ಕೆ ಬದಲಾಯಿಸಿಕೊಂಡು, "ಏನಾಯ್ತು, ಹೇಳಿ" ಅಂದರು.

ಹೇಳಿದೆ. ಆ ದಿನ ಬೆಳಿಗ್ಗೆ ತಿಂಡಿ ತಿನ್ನುತ್ತಾ, "ಎದೆ ಹಿಡಿದ ಹಾಗಿದೆ, ಅವಸರದಲ್ಲಿ ತಿಂದೆ ಅಂತ ಕಾಣುತ್ತೆ" ಅಂದಿದ್ದರು. "ನೀವು ಯಾವತ್ತು ಅವಸರದಲ್ಲಿ ತಿಂದಿದೀರಿ?" ಅಂತ ನಕ್ಕು ನಾನು ಕೆಲಸಕ್ಕೆ ಹೋದೆ. ಹನ್ನೊಂದರ ಹೊತ್ತಿಗೆ ಒಬ್ಬರೇ ಬೀದಿ ತುದಿಯ ಡಾಕ್ಟರ ಹತ್ತಿರ ನಡೆದು ಹೋದರಂತೆ. ಅಲ್ಲಿ ಬೆಂಚಿನ ಮೇಲೆ ತಮ್ಮ ಸರದಿಗೆ ಕಾಯುತ್ತಾ ನನಗೆ ಫೋನು ಮಾಡಿದ್ದಾರೆ. ಮೇಣದ ಕೆಲಸ ಮಾಡುವಾಗ ಫೋನು ಮುಟ್ಟಲಾಗುವುದಿಲ್ಲ, ಚೀಲದಲ್ಲಿ ಸದ್ದಿಲ್ಲದೆ ಇರುತ್ತದೆ. ನಾನು ಯಾರದೋ ಹಲ್ಲು ಜೋಡಿಸುತ್ತಿದ್ದೆ. ಊಟದ ಹೊತ್ತಿಗೆ ನೋಡಿದರೆ ಏಳು ಕರೆ. ಅಷ್ಟು ಹೊತ್ತಿಗೆ ಎಲ್ಲ ಮುಗಿದಿತ್ತು. ಅವರು ನಿಧಾನದ ಮನುಷ್ಯ. ಯಾರನ್ನೂ ಎರಡನೇ ಸಲ ಕರೆದವರಲ್ಲ. ನನ್ನನ್ನು ಏಳು ಸಲ ಕರೆದಿದ್ದರು.

ಬಿಸ್ಕತ್ತು ಬಿಕ್ಕಳಿಸುತ್ತಿದ್ದಳು. "ನಾನು ಬದುಕಿದೀರಾ ಅಂತ ಕೇಳಿದ್ನಲ್ಲ ಅತ್ತಿಗೆ, ಅವತ್ತು. ತಮಾಷೆಗೆ ಕೇಳಿದೆ." ನಾನು ಅವಳನ್ನು ಸಮಾಧಾನ ಮಾಡುತ್ತಾ ಕೂತೆ. ಇಲ್ಲಿಯವರೆಗೆ ಎಲ್ಲರೂ ನನ್ನನ್ನು ಸಮಾಧಾನ ಮಾಡಿದ್ದರು, ನನಗೆ ಅದು ಬೇಕಿರಲಿಲ್ಲ. ಇದು ಮಾಡಬಲ್ಲ ಕೆಲಸ ಅನ್ನಿಸಿತು.

"ಸೇತುವೆ ಮೇಲೆ ನನ್ನ ಉಳಿಸಿದ್ದು?" ಅಂತ ಕೇಳಿದಳು.

"ನಾನೇ."

ಏಳೂಕಾಲಾಗಿತ್ತು. ಮೂವರೂ ಎಲ್ಲಿಗೂ ಹೋಗದೆ ಅಲ್ಲೇ ನಿಂತಿದ್ದೆವು.

ಏಪ್ರಿಲ್ 22, ಬುಧವಾರ

ಮೇಷ್ಟ್ರು ಬಂದರು. ದಪ್ಪ ಗಂಟಲಿನವರು, ಆಳು ಕುಳ್ಳು. ಚಹಾ ಕುಡಿದರು. ಅತ್ತೆ ಅವರ ಕಿವಿಯ ಹತ್ತಿರ ಜೋರಾಗಿ, ಕಿವಿ ಕೇಳಿಸದಿರುವುದು ಅವರಿಗೇ ಅನ್ನುವ ಹಾಗೆ, "ನಮ್ಮ ಹುಡುಗ ಆಟದಲ್ಲಿ ಚುರುಕಾಗಿದ್ನಾ?" ಅಂತ ಕೇಳಿದರು.

"ಇಲ್ಲಮ್ಮ, ನಿಧಾನ. ಆದ್ರೆ ಅವರು ಹಿಂದೆ ಇದಾರೆ ಅಂದ್ರೆ ನಾವು ತಿರುಗಿ ನೋಡ್ತಿರ್ಲಿಲ್ಲ."

ಅತ್ತೆಗೆ ಇದು ಪೂರ್ತಿ ಕೇಳಿಸಿತು. ಎದ್ದು ಒಳಗೆ ಹೋದರು.

ಮೇಷ್ಟ್ರು ಕಂಪ್ಯೂಟರಿನ ಮುಂದಿನ ಕುರ್ಚಿಯ ಪಕ್ಕ ನಿಂತರು, ಕೂರಲಿಲ್ಲ. "ಕತ್ತಿ ಬಿಡಬೇಡಿ. ಹತ್ತು ದಿನಕ್ಕೊಂದು ಸಲ ತೆಗೆದ್ರೆ ಸಾಕು. ನಿಮಗೆ ಕಷ್ಟ ಆದ್ರೆ ನಾವು ಸರದಿ ಹಾಕ್ಕೊಂಡು ತೆಗೀತೀವಿ" ಅಂದರು.

"ಬೇಡ ಮೇಷ್ಟ್ರೇ" ಅಂದೆ. "ಅವರ ಹಾಗೆ ಬರೆದು ಸಾಕಾಗಿದೆ."

ಯಾಕೆ ಹಾಗಂದೆನೋ. ಅವರು ಹೋದ ಮೇಲೆ ಹೋಗಿ ಕತ್ತಿ ತೆಗೆದುಬಿಡಲೇ ಅಂತ ಆ ಕೋಣೆಯ ಬಾಗಿಲವರೆಗೆ ಹೋಗಿ ಬಂದೆ.

ಏಪ್ರಿಲ್ 29, ಬುಧವಾರ

ಸಂಜೆ ಏಳಕ್ಕೆ ಕತ್ತಿ ಹೋಯಿತು. ಅಡುಗೆಮನೆಯಲ್ಲಿದ್ದೆ. ಫ್ರಿಜ್ಜಿಗೆ ಒರಗಿಕೊಂಡು ಗಡಿಯಾರ ನೋಡುತ್ತಿದ್ದೆ.

"ಸ್ವಲ್ಪ ಆ ಕಡೆ ಸರಿಯೇ" ಅಂದರು ಅತ್ತೆ.

ಮೇ 3, ಭಾನುವಾರ

ಬಿಸ್ಕತ್ತು ಬಿಡಲಿಲ್ಲ. ಹೊಸದಾಗಿ ನನ್ನದೇ ಖಾತೆ ತೆರೆಸಿದಳು. ಹೆಸರಿನ ಜಾಗದಲ್ಲಿ "ಅತ್ತಿಗೆ" ಅಂತ ಅವಳೇ ಹೇಳಿ ಬರೆಸಿದಳು. ಹೊಸಬರಿಗೆ ಕೊಡುವುದು ಒಂದು ಕೋಲು. ದೆವ್ವ ಇಲ್ಲ, ಪಿಸುಮಾತಿಲ್ಲ, ಏಟು ತಪ್ಪಿದರೆ ತಪ್ಪು ನನ್ನದೇ. ಮೇಷ್ಟ್ರು, "ಅವರಿಗಿಂತ ಬೇಗ ಕಲೀತೀರಿ, ಅವರಿಗೆ ಈ ಕೋಲಿಂದ ಮೇಲೆ ಬರೋಕೆ ವರ್ಷ ಹಿಡೀತು" ಅಂದರು. ನಗು ಬಂತು. ಇವತ್ತು ನಕ್ಕೆ, ಬರೆದಿಟ್ಟಿದ್ದೇನೆ.

ಮಾರುಕಟ್ಟೆ ಬೀದಿಯಲ್ಲಿ ಹೋಗುತ್ತಿದ್ದಾಗ ಆ ಪಿಸುಮಾತು ಕೇಳಿತು. ಒಂದೂವರೆ ತಿಂಗಳು ದಿನಾ ಕೇಳಿದ್ದು, ತಪ್ಪುವ ಹಾಗಿಲ್ಲ.

"ಅತ್ತಿಗೆ, ಓಡಿ! ಕತ್ತಿ ಯಾರಿಗೋ ಸಿಕ್ಕಿದೆ!" ಅಂದಳು ಬಿಸ್ಕತ್ತು.

ಬೀದಿಯ ತುದಿಯಿಂದ ಯಾರೋ ಬರುತ್ತಿದ್ದರು. ಹೊಸ ಕವಚ, ಕೈಯಲ್ಲಿ ಅದೇ ಕತ್ತಿ. ನಾನು ಓಡಲಿಲ್ಲ. ಕೋಲು ಕೆಳಗೆ ಮಾಡಿ ನಿಂತೆ. ಅದು ನನಗೆ ಹೊಡೆಯುವುದಿಲ್ಲ ಅಂತ ನಂಬಿದ್ದೆ. ಇಷ್ಟು ವಯಸ್ಸಾದ ಹೆಂಗಸು, ಇದನ್ನು ನಂಬಿದ್ದೆ.

ಒಂದೇ ಏಟು. ಬಿದ್ದೆ. ಅವನು ಯಾರೋ ಏನೋ, ನನ್ನನ್ನು ದಾಟಿಕೊಂಡು ಮುಂದೆ ಹೋದ. ಹೋಗುವವರೆಗೂ ಕತ್ತಿ ಪಿಸುಗುಟ್ಟುತ್ತಲೇ ಇತ್ತು. ಅದಕ್ಕೆ ನನ್ನ ಗುರುತೇ ಇರಲಿಲ್ಲ. ಅವರ ಗುರುತೂ ಇರಲಿಲ್ಲ.

ಆಮೇಲೆ ಏನಾಯಿತೆಂದರೆ, ನನ್ನೊಳಗಿಂದ ಒಂದು ಸದ್ದು ಬಂತು. ಅದು ನನ್ನದೆಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಅತ್ತೆ ಒದ್ದೆ ಕೈಯಲ್ಲೇ ಓಡಿ ಬಂದರು.

"ಅವರು ಸತ್ತುಹೋದ್ರು ಅತ್ತೆ" ಅಂದೆ, ಆಗಷ್ಟೇ ಸುದ್ದಿ ಬಂದ ಹಾಗೆ.

"ಹೂಂ ಕಣೇ. ಸತ್ತುಹೋದ" ಅಂದರು ಅತ್ತೆ. ನನ್ನ ತಲೆಯನ್ನು ಹೊಟ್ಟೆಗೆ ಅವುಚಿಕೊಂಡರು. ಸೆರಗಿನಿಂದ ಸೋಪಿನ ವಾಸನೆ ಬರುತ್ತಿತ್ತು.

ಸ್ಪೀಕರಿನಲ್ಲಿ ಬಿಸ್ಕತ್ತು, "ಅತ್ತಿಗೆ? ಅತ್ತಿಗೆ, ಎಲ್ಲಿದೀರಾ? ಎದ್ದು ಬನ್ನಿ" ಅಂತ ಕರೆಯುತ್ತಲೇ ಇದ್ದಳು. ಅತ್ತೆಗೆ ಅದೆಷ್ಟು ಕೇಳಿಸಿತೋ. ನನ್ನನ್ನು ಬಿಡದೆ ಮೈಕಿನ ಕಡೆ ಬಗ್ಗಿ, "ಸ್ವಲ್ಪ ತಡಿಯಮ್ಮ" ಅಂದರು. "ಇವಳು ಅಳ್ತಾ ಇದಾಳೆ."